ಗೋಡೆಗೆ ಅಂಟಿದ ಚಾಕು

ಮಕ್ಕಳೇ, ನಿಮ್ಮ ಮನೆಯಲ್ಲಿ ತರಕಾರಿ ಹೆಚ್ಚುವ ಚಾಕು ಎಲ್ಲಿರುತ್ತದೆ? ಚಮಚ, ಸೌಟುಗಳ ಬುಟ್ಟಿಯಲ್ಲೇ? ಕಿಟಕಿಯ ಕಟ್ಟೆಯ ಮೇಲೆಯೇ? ಈರುಳ್ಳಿ ಬುಟ್ಟಿಯ ಒಳಗೇ? ನಿಮ್ಮ ಶಾಲೆಯ ಬಿಸಿಯೂಟದ ಅಡುಗೆಮನೆಯಲ್ಲಿ ಅದನ್ನು ಎಲ್ಲಿಡುತ್ತಾರೆ? ಇಂದು ಒಮ್ಮೆ ಗಮನಿಸಿ. ಆದರೆ ಚಾಕುವನ್ನು ಮುಟ್ಟಬೇಡಿ, ನೋಡಿದರೆ ಸಾಕು.

ಬುಟ್ಟಿಯಲ್ಲಿಟ್ಟ ಚಾಕುವಿನಿಂದ ಎರಡು ತೊಂದರೆಗಳಿವೆ. ಚಮಚ ತೆಗೆಯಲು ಕೈ ಹಾಕಿದವರಿಗೆ ಅಲಗು ಕಾಣುವುದಿಲ್ಲ, ಬೆರಳು ಕುಯ್ಯುತ್ತದೆ. ಇದು ಮೊದಲನೆಯ ತೊಂದರೆ. ಅಲಗಿನ ಬಾಯಿ ಸೌಟು, ಚಮಚಗಳಿಗೆ ತಗಲಿ ತಗಲಿ ಮೊಂಡಾಗುತ್ತದೆ. ಇದು ಎರಡನೆಯದು. ಚಾಕು ಮೊಂಡಾದರೆ ಅಪಾಯ ಕಡಿಮೆ ಎಂದು ಕೆಲವರು ತಿಳಿದಿದ್ದಾರೆ. ಅದು ಸರಿಯಲ್ಲ. ಮೊಂಡು ಚಾಕುವನ್ನು ಜೋರಾಗಿ ಒತ್ತಬೇಕಾಗುತ್ತದೆ. ಒತ್ತಿದಾಗ ಅದು ಆಲೂಗಡ್ಡೆಯ ಮೇಲಿಂದ ಜಾರಿ ಕೈಗೆ ಬರುತ್ತದೆ.

ನಮ್ಮ ಹಿರಿಯರು ಇದನ್ನು ಅರಿತಿದ್ದರು. ಈಳಿಗೆಮಣೆಯ ಕೆಲಸ ಮುಗಿದ ಕೂಡಲೇ ಅದನ್ನು ಮಗ್ಗುಲಿಗೆ ಮಲಗಿಸಿ, ಅಲಗನ್ನು ಗೋಡೆಯ ಕಡೆಗೆ ತಿರುಗಿಸಿ ಇಡುತ್ತಿದ್ದರು. ಅಲಗನ್ನು ಮಡಚಿಡುವಂಥ ಈಳಿಗೆಮಣೆಗಳೂ ಇವೆ. ಹರಿತವಾದ ವಸ್ತುವಿಗೆ ಗೊತ್ತಾದ ಒಂದು ಜಾಗ ಇರಬೇಕು ಎಂಬುದೇ ಇದರ ಅರ್ಥ.

ಇತ್ತೀಚೆಗೆ ಕೆಲವು ಹೋಟೆಲುಗಳಲ್ಲಿ, ನಗರದ ಕೆಲವು ಮನೆಗಳಲ್ಲಿ ಬೇರೊಂದು ಏರ್ಪಾಡು ಕಾಣಸಿಗುತ್ತದೆ. ಅಲ್ಲಿ ಗೋಡೆಗೆ ಒಂದು ಉದ್ದನೆಯ ಪಟ್ಟಿಯನ್ನು ಬಿಗಿದಿರುತ್ತಾರೆ. ಅದರ ಮೇಲೆ ಚಾಕುಗಳು ಸಾಲಾಗಿ ನಿಂತಿರುತ್ತವೆ. ಮೊಳೆ ಇಲ್ಲ, ಕೊಕ್ಕೆ ಇಲ್ಲ, ದಾರವೂ ಇಲ್ಲ! ಅವುಗಳನ್ನು ಹಿಡಿದಿರುವುದು ಪಟ್ಟಿಯೊಳಗಿನ ಕಾಂತ. ಈ ಪಟ್ಟಿಯನ್ನು ಅರ್ಥಮಾಡಿಕೊಂಡರೆ ಕಾಂತ, ಉಕ್ಕು, ಘರ್ಷಣೆ ಈ ಮೂರು ಪಾಠಗಳನ್ನೂ ಒಟ್ಟಿಗೆ ಕಲಿತಂತೆ. ಬನ್ನಿ, ನೋಡೋಣ.

ಸೂಜಿಗಲ್ಲು

ಕಾಂತಕ್ಕೆ ನಮ್ಮ ಭಾಷೆಯಲ್ಲಿ ಸೂಜಿಗಲ್ಲು ಎಂಬ ಹಳೆಯ ಹೆಸರಿದೆ. ಸೂಜಿಯನ್ನು ಸೆಳೆಯುವ ಕಲ್ಲು ಅದು. ಅಯಸ್ಕಾಂತ ಎಂಬುದು ಸಂಸ್ಕೃತದ ಹೆಸರು. ಅಯಸ್ ಎಂದರೆ ಕಬ್ಬಿಣ, ಕಾಂತ ಎಂದರೆ ಪ್ರಿಯವಾದದ್ದು. ಕಬ್ಬಿಣಕ್ಕೆ ಪ್ರಿಯವಾದ ಕಲ್ಲು ಎಂದಾಯಿತು. ದೇಹದೊಳಗೆ ಸಿಕ್ಕಿಕೊಂಡ ಕಬ್ಬಿಣದ ಚೂರನ್ನು ಅಯಸ್ಕಾಂತದಿಂದ ತೆಗೆಯುವ ಮಾತು ಪ್ರಾಚೀನ ವೈದ್ಯಗ್ರಂಥ ಸುಶ್ರುತ ಸಂಹಿತೆಯಲ್ಲಿ ಬರುತ್ತದೆ.

ಸೂಜಿಗಲ್ಲು ಮ್ಯಾಗ್ನಟೈಟ್ ಎಂಬ ಕಬ್ಬಿಣದ ಅದಿರಿನ ಒಂದು ರೂಪ. ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖದಲ್ಲಿ 2005ರ ಕೊನೆಯವರೆಗೆ ಗಣಿಯಿಂದ ತೆಗೆಯುತ್ತಿದ್ದುದು ಮ್ಯಾಗ್ನಟೈಟ್ ಇರುವ ಅದಿರನ್ನೇ. ಮ್ಯಾಗ್ನಟೈಟ್ ಕಾಂತಕ್ಕೆ ಅಂಟುತ್ತದೆ. ಆದರೆ ಆ ಕಲ್ಲುಗಳೆಲ್ಲವೂ ತಾವೇ ಕಾಂತಗಳಾಗಿರುವುದಿಲ್ಲ. ಅಂಥವು ಅಪರೂಪ.

ಇಂದು ನಾವು ಬಳಸುವ ಕಾಂತಗಳು ಕಾರ್ಖಾನೆಯಲ್ಲಿ ತಯಾರಾದವು. ಹಳೆಯ ರೇಡಿಯೊದ ಸ್ಪೀಕರ್ ಹಿಂದೆ ಬಳೆಯಂತಹ ಒಂದು ಕಪ್ಪು ಕಾಂತವನ್ನು ನೀವು ನೋಡಿರಬಹುದು. ಅದು ಫೆರೈಟ್ ಕಾಂತ. ಕಬ್ಬಿಣದ ಆಕ್ಸೈಡಿನ ಪುಡಿಗೆ ಬೇರೆ ವಸ್ತು ಬೆರೆಸಿ, ಒತ್ತಿ, ಸುಟ್ಟು ಅದನ್ನು ಮಾಡುತ್ತಾರೆ. ಇನ್ನೊಂದು ನಿಯೋಡಿಮಿಯಂ ಕಾಂತ. ನಿಯೋಡಿಮಿಯಂ, ಕಬ್ಬಿಣ, ಬೋರಾನ್ ಸೇರಿದ ಈ ಕಾಂತವನ್ನು 1980ರ ದಶಕದ ಆರಂಭದಲ್ಲಿ ಜಪಾನಿನ ಮಸಾಟೊ ಸಗಾವ ಮತ್ತು ಅಮೆರಿಕದ ಜಾನ್ ಕ್ರೋಟ್ ಬೇರೆ ಬೇರೆಯಾಗಿ ರೂಪಿಸಿದರು. ಗಾತ್ರ ಚಿಕ್ಕದು, ಸೆಳೆತ ಬಹಳ ಹೆಚ್ಚು. ಚಾಕುಪಟ್ಟಿಗಳಲ್ಲಿ ಈ ಎರಡು ಬಗೆಯ ಕಾಂತಗಳನ್ನೂ ಬಳಸುತ್ತಾರೆ.

ಪಟ್ಟಿಯ ಒಳಗೆ ಏನಿದೆ?

ಸಾಮಾನ್ಯವಾದ ಒಂದು ಬಗೆಯ ಪಟ್ಟಿಯಲ್ಲಿ ಎರಡು ಕಬ್ಬಿಣದ ಸರಳುಗಳು ಒಂದರ ಮೇಲೊಂದು ಅಡ್ಡಲಾಗಿ ಇರುತ್ತವೆ. ಅವುಗಳ ನಡುವೆ ಫೆರೈಟ್ ಕಾಂತಗಳ ಸಾಲು ಇರುತ್ತದೆ. ಎಲ್ಲ ಕಾಂತಗಳ ಉತ್ತರ ಧ್ರುವ ಒಂದು ಸರಳಿನ ಕಡೆಗೆ, ದಕ್ಷಿಣ ಧ್ರುವ ಇನ್ನೊಂದು ಸರಳಿನ ಕಡೆಗೆ. ಹೀಗಾಗಿ ಒಂದು ಸರಳು ಉದ್ದಕ್ಕೂ ಉತ್ತರ ಧ್ರುವದಂತೆಯೂ ಇನ್ನೊಂದು ದಕ್ಷಿಣ ಧ್ರುವದಂತೆಯೂ ವರ್ತಿಸುತ್ತದೆ. ಚಾಕುವಿನ ಅಲಗು ಎರಡೂ ಸರಳುಗಳ ಮೇಲೆ ಸೇತುವೆಯಂತೆ ಕೂರುತ್ತದೆ. ಆಗ ಕಾಂತಬಲ ಒಂದು ಸರಳಿನಿಂದ ಅಲಗಿನ ಮೂಲಕ ಇನ್ನೊಂದು ಸರಳಿಗೆ ಸುಲಭವಾಗಿ ಹಾದುಹೋಗುತ್ತದೆ. ಹಿಡಿತ ಗಟ್ಟಿಯಾಗುತ್ತದೆ.

ಇನ್ನೊಂದು ಬಗೆಯಲ್ಲಿ ಹೊರಗೆ ಕಾಣುವುದು ಬರೀ ಮರ. ಮರದ ಹಿಂಬದಿಯಲ್ಲಿ ಗುಳಿ ತೋಡಿ ನಿಯೋಡಿಮಿಯಂ ಬಿಲ್ಲೆಗಳನ್ನು ಕೂರಿಸಿರುತ್ತಾರೆ. ಮುಂದೆ ತೆಳುವಾದ ಮರದ ಪದರ ಉಳಿದಿರುತ್ತದೆ. ಕಾಂತಬಲ ಮರವನ್ನು ದಾಟಿ ಬರುತ್ತದೆ. ಆದರೆ ಪದರ ತೆಳುವಾಗಿರಲೇಬೇಕು. ಏಕೆಂದು ಮುಂದೆ ನೋಡೋಣ.

ಚಾಕು ಅಂಟುತ್ತದೆ, ತಟ್ಟೆ ಏಕೆ ಅಂಟುವುದಿಲ್ಲ?

ನಿಮ್ಮ ಊಟದ ಸ್ಟೀಲ್ ತಟ್ಟೆಗೆ ಕಾಂತವನ್ನು ಹಿಡಿದು ನೋಡಿ. ಸಾಮಾನ್ಯವಾಗಿ ಅದು ಅಂಟುವುದಿಲ್ಲ. ಚಾಕುವಿನ ಅಲಗೂ ಸ್ಟೀಲೇ. ಅದು ಗಟ್ಟಿಯಾಗಿ ಅಂಟುತ್ತದೆ. ಎರಡೂ ತುಕ್ಕು ಹಿಡಿಯದ ಉಕ್ಕು ಎಂದು ಅಂಗಡಿಯವರು ಹೇಳುತ್ತಾರೆ. ಹಾಗಾದರೆ ಈ ವ್ಯತ್ಯಾಸ ಏಕೆ?

ಸ್ಟೀಲ್ ಎಂಬುದು ಒಂದೇ ಲೋಹವಲ್ಲ. ಅದು ಮಿಶ್ರಲೋಹ. ಅದರಲ್ಲಿ ಹೆಚ್ಚು ಪಾಲು ಕಬ್ಬಿಣ. ಕ್ರೋಮಿಯಂ ಬೆರೆತಾಗ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದಷ್ಟು ತೆಳುವಾದ ಒಂದು ಪದರ ಉಂಟಾಗಿ ತುಕ್ಕನ್ನು ತಡೆಯುತ್ತದೆ. ಇಂಗ್ಲೆಂಡಿನ ಶೆಫೀಲ್ಡ್ ಚಾಕು, ಕತ್ತರಿಗಳಿಗೆ ಹೆಸರಾದ ಊರು. ಅಲ್ಲಿ 1913ರಲ್ಲಿ ಹ್ಯಾರಿ ಬ್ರಿಯರ್ಲಿ ಎಂಬ ಲೋಹತಜ್ಞ ಬೇಗ ಸವೆಯದ ಬಂದೂಕಿನ ನಳಿಗೆಗಾಗಿ ಉಕ್ಕನ್ನು ಹುಡುಕುತ್ತಿದ್ದ. ಆತ ತಯಾರಿಸಿದ ಒಂದು ಉಕ್ಕಿನಲ್ಲಿ ಸುಮಾರು ಶೇಕಡ 12.8ರಷ್ಟು ಕ್ರೋಮಿಯಂ ಇತ್ತು. ಹುಳಿ ಪದಾರ್ಥಗಳು ತಗಲಿದರೂ ಅದು ಸುಲಭವಾಗಿ ಕಲೆಗಟ್ಟಲಿಲ್ಲ. ಊಟದ ಮೇಜಿನ ಚಾಕುಗಳಿಗೆ ಅದು ತಕ್ಕ ಉಕ್ಕು ಎಂದು ಆತ ಗುರುತಿಸಿದ.

ಇಂದಿಗೂ ಅಡುಗೆಮನೆಯ ಅನೇಕ ಚಾಕುಗಳು ಇದೇ ಬಗೆಯ ಉಕ್ಕಿನವು. ಅವುಗಳಲ್ಲಿ ಕಬ್ಬಿಣ, ಕ್ರೋಮಿಯಂ, ಸ್ವಲ್ಪ ಇಂಗಾಲ ಇರುತ್ತವೆ. ಇಂಗಾಲವಿರುವ ಉಕ್ಕನ್ನು ಕೆಂಪಗೆ ಕಾಯಿಸಿ ತಟ್ಟನೆ ತಣಿಸಿದರೆ ಅದು ಬಹಳ ಗಡಸಾಗುತ್ತದೆ. ಊರಿನ ಕುಲುಮೆಯಲ್ಲಿ ಕಮ್ಮಾರರು ಕುಡುಗೋಲನ್ನು ಕಾಯಿಸಿ ನೀರಿಗೆ ಅದ್ದುವುದನ್ನು ನೀವು ನೋಡಿರಬಹುದು. ಹದ ಕೊಡುವುದು ಎಂದರೆ ಅದೇ. ಗಡಸು ಉಕ್ಕಿಗೆ ಮಾತ್ರ ಹರಿತ ಬಹಳ ದಿನ ನಿಲ್ಲುತ್ತದೆ.

ತಟ್ಟೆಗೆ ಗಡಸುತನ ಬೇಡ. ಹಾಳೆಯಾಗಿ ಲಟ್ಟಿಸಿ ಬಟ್ಟಲಿನಂತೆ ಒತ್ತಲು ಬರಬೇಕು. ಅದಕ್ಕಾಗಿ ಶೇಕಡ 18ರಷ್ಟು ಕ್ರೋಮಿಯಂ ಮತ್ತು ಶೇಕಡ 8ರಷ್ಟು ನಿಕ್ಕಲ್ ಬೆರೆಸಿದ ಉಕ್ಕನ್ನು ಬಳಸುತ್ತಾರೆ. ಕೆಲವು ಪಾತ್ರೆಗಳಲ್ಲಿ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಬೆರೆಸಿರುತ್ತಾರೆ. ಹೀಗೆ ಬೆರೆಸಿದಾಗ ಉಕ್ಕಿನೊಳಗೆ ಪರಮಾಣುಗಳ ಜೋಡಣೆಯೇ ಬದಲಾಗುತ್ತದೆ.

ಇದನ್ನು ಹೀಗೆ ಊಹಿಸಿಕೊಳ್ಳಿ. ಕಬ್ಬಿಣದ ಒಂದೊಂದು ಪರಮಾಣುವೂ ಒಂದು ಪುಟ್ಟ ಕಾಂತ. ಬೆಳಗಿನ ಪ್ರಾರ್ಥನೆಗೆ ನೀವು ತರಗತಿವಾರು ಸಾಲುಗಟ್ಟಿ ನಿಲ್ಲುವಂತೆ, ಚಾಕುವಿನ ಉಕ್ಕಿನಲ್ಲಿ ಈ ಪುಟ್ಟ ಕಾಂತಗಳು ಗುಂಪು ಗುಂಪಾಗಿ ಒಂದೇ ದಿಕ್ಕಿಗೆ ಮುಖ ಮಾಡಿರುತ್ತವೆ. ಈ ಗುಂಪುಗಳಿಗೆ ಡೊಮೇನ್ ಎಂದು ಹೆಸರು. ಆದರೆ ಒಂದು ಗುಂಪು ಪೂರ್ವಕ್ಕೆ ನೋಡಿದರೆ ಇನ್ನೊಂದು ಪಶ್ಚಿಮಕ್ಕೆ. ಆದ್ದರಿಂದ ಒಟ್ಟಿನಲ್ಲಿ ಚಾಕು ಕಾಂತವಾಗಿರುವುದಿಲ್ಲ. ಹೊರಗಿನ ಕಾಂತ ಹತ್ತಿರ ಬಂದಾಗ ಗುಂಪುಗಳು ಅದಕ್ಕೆ ಹೊಂದಿಕೊಳ್ಳುತ್ತವೆ. ಚಾಕು ಆ ಹೊತ್ತಿಗೆ ತಾನೇ ಕಾಂತವಾಗಿ ಪಟ್ಟಿಗೆ ಅಂಟಿಕೊಳ್ಳುತ್ತದೆ. ತಟ್ಟೆಯ ಉಕ್ಕಿನಲ್ಲಿ ಇಂಥ ಗುಂಪುಗಳೇ ಇಲ್ಲ. ಬಿಡುವಿನ ವೇಳೆಯ ಆಟದ ಮೈದಾನದಂತೆ ಒಬ್ಬೊಬ್ಬರದು ಒಂದೊಂದು ದಿಕ್ಕು! ಆದ್ದರಿಂದ ಕಾಂತಕ್ಕೆ ಅದು ಓಗೊಡುವುದಿಲ್ಲ.

ಒಂದು ವಿಶೇಷ ಗಮನಿಸಿ. ತಟ್ಟೆಯ ನಡುವೆ ಅಂಟದ ಕಾಂತ, ಮಡಿಚಿದ ಅಂಚಿನಲ್ಲಿ ಕೆಲವೊಮ್ಮೆ ತುಸು ಅಂಟುತ್ತದೆ. ಲೋಹವನ್ನು ಬಲವಾಗಿ ಬಗ್ಗಿಸಿದಾಗ ಅಲ್ಲಿನ ಪರಮಾಣುಗಳ ಜೋಡಣೆ ಸ್ವಲ್ಪ ಬದಲಾಗಿರುವುದೇ ಇದಕ್ಕೆ ಕಾರಣ. ನಿಕ್ಕಲ್ ಇಲ್ಲದ ಸ್ಟೀಲಿನ ಪಾತ್ರೆಗಳೂ ಇವೆ. ಅವು ಪೂರ್ತಿ ಅಂಟುತ್ತವೆ. ಆದ್ದರಿಂದ ಕಾಂತಕ್ಕೆ ಅಂಟಿದರೆ ಕಳಪೆ, ಅಂಟದಿದ್ದರೆ ಒಳ್ಳೆಯದು ಎಂದು ತೀರ್ಮಾನಿಸಬೇಡಿ. ಚಾಕುವಿಗೆ ಅಂಟುವ ಉಕ್ಕೇ ಸರಿ. ಇಂಡಕ್ಷನ್ ಒಲೆಯ ಪಾತ್ರೆಯ ತಳಕ್ಕೂ ಅಂಟುವ ಉಕ್ಕೇ ಬೇಕು.

ಬೀಳದಂತೆ ಹಿಡಿದವರು ಯಾರು?

ಈಗ ಒಂದು ಕಠಿಣ ಪ್ರಶ್ನೆ. ಪಟ್ಟಿ ಚಾಕುವನ್ನು ಗೋಡೆಯ ಕಡೆಗೆ ಸೆಳೆಯುತ್ತದೆ. ಭೂಮಿ ಅದನ್ನು ಕೆಳಕ್ಕೆ ಸೆಳೆಯುತ್ತದೆ. ಕಾಂತ ಮೇಲಕ್ಕೆ ಎಳೆಯುತ್ತಿಲ್ಲ. ಹಾಗಾದರೆ ಚಾಕು ಏಕೆ ಜಾರಿ ಬೀಳುವುದಿಲ್ಲ?

ಒಂದು ಪುಸ್ತಕವನ್ನು ಗೋಡೆಗೆ ಆನಿಸಿ ಅಂಗೈಯಿಂದ ಒತ್ತಿ ಹಿಡಿಯಿರಿ. ಪುಸ್ತಕ ನಿಲ್ಲುತ್ತದೆ. ಒತ್ತುವುದನ್ನು ಮೆಲ್ಲಗೆ ಕಡಿಮೆ ಮಾಡಿ. ಒಂದು ಹಂತದಲ್ಲಿ ಪುಸ್ತಕ ಜಾರತೊಡಗುತ್ತದೆ. ನೀವು ಒತ್ತಿದ್ದು ಗೋಡೆಯ ಕಡೆಗೆ. ಮೇಲಕ್ಕೆ ಹಿಡಿದದ್ದು ಘರ್ಷಣೆ. ಒತ್ತುವ ಬಲ ಹೆಚ್ಚಿದಷ್ಟೂ ಘರ್ಷಣೆ ಹೆಚ್ಚು ತೂಕವನ್ನು ತಡೆಯಬಲ್ಲದು.

ಚಾಕುಪಟ್ಟಿಯಲ್ಲಿ ನಿಮ್ಮ ಅಂಗೈಯ ಕೆಲಸವನ್ನು ಕಾಂತ ಮಾಡುತ್ತದೆ. ಒಂದು ಲೆಕ್ಕ ಮಾಡೋಣ. ಚಾಕುವಿನ ತೂಕ 200 ಗ್ರಾಂ ಎನ್ನಿ. ಘರ್ಷಣೆಯು ಒತ್ತುವ ಬಲದ ಐದನೆಯ ಒಂದು ಪಾಲು ಎಂದು ಇಟ್ಟುಕೊಳ್ಳಿ. ಚಾಕು ನಿಲ್ಲಬೇಕಾದರೆ ಕಾಂತ 200ರ ಐದರಷ್ಟು, ಅಂದರೆ 1000 ಗ್ರಾಂ ತೂಕದಷ್ಟು ಬಲದಿಂದ ಸೆಳೆಯಬೇಕು. ಈಗ ಅಲಗಿಗೆ ಎಣ್ಣೆ ಜಿಡ್ಡು ಹತ್ತಿ ಘರ್ಷಣೆ ಹತ್ತನೆಯ ಒಂದು ಪಾಲಿಗೆ ಇಳಿಯಿತು ಎನ್ನಿ. ಆಗ ಬೇಕಾದ ಸೆಳೆತ 2000 ಗ್ರಾಂ ತೂಕದಷ್ಟು. ನಮ್ಮ ಪಟ್ಟಿಯ ಸೆಳೆತ 1500 ಗ್ರಾಂ ತೂಕದಷ್ಟೇ ಆಗಿದ್ದರೆ ಏನಾಗುತ್ತದೆ? ಅದೇ ಚಾಕು, ಅದೇ ಪಟ್ಟಿ. ಒರೆಸಿದಾಗ ನಿಂತದ್ದು ಜಿಡ್ಡಾದಾಗ ಜಾರುತ್ತದೆ. ಚಾಕುವನ್ನು ತೊಳೆದು, ಒರೆಸಿ ಪಟ್ಟಿಗೆ ಹಚ್ಚಬೇಕು ಎಂಬ ನಿಯಮದ ಹಿಂದೆ ಈ ಲೆಕ್ಕವಿದೆ.

ದೂರವಾದರೆ ದುರ್ಬಲ

ಮರದ ಪದರ ತೆಳುವಾಗಿರಬೇಕು ಎಂದೆವಲ್ಲವೆ? ಕಾಂತಕ್ಕೂ ಉಕ್ಕಿಗೂ ನಡುವೆ ಅಂತರ ಸ್ವಲ್ಪ ಹೆಚ್ಚಿದರೂ ಸೆಳೆತ ಬಹಳ ಬೇಗ ಇಳಿದುಹೋಗುತ್ತದೆ. ಆದ್ದರಿಂದ ಅಲಗು ಪಟ್ಟಿಯ ಮೇಲೆ ಚಪ್ಪಟೆಯಾಗಿ ಕೂರಬೇಕು. ಅಲಗಿಗೆ ಹಿಟ್ಟಿನ ಚೂರೋ ತರಕಾರಿಯ ಸಿಪ್ಪೆಯೋ ಅಂಟಿದ್ದರೆ ನಡುವೆ ಸಂದು ಉಂಟಾಗಿ ಹಿಡಿತ ಸಡಿಲವಾಗುತ್ತದೆ. ಅಲಗು ಬಾಗಿರುವ ಕುಡುಗೋಲಿನಂಥವು ಪಟ್ಟಿಗೆ ತಕ್ಕವಲ್ಲ. ಪಿಂಗಾಣಿಯಂತೆ ಬಿಳಿಯಾಗಿರುವ ಸೆರಾಮಿಕ್ ಚಾಕು ಅಂಟುವುದೇ ಇಲ್ಲ. ಅದರಲ್ಲಿ ಕಬ್ಬಿಣದ ಲೋಹವಿಲ್ಲ.

ಹಿಡಿದ ಜಾಗವೂ ಮುಖ್ಯ. ಒಂದು ಅಡಿಪಟ್ಟಿಯನ್ನು ನಡುವೆ ಬೆರಳಿನ ಮೇಲಿಟ್ಟರೆ ನಿಲ್ಲುತ್ತದೆ, ತುದಿಯಲ್ಲಿಟ್ಟರೆ ಉರುಳುತ್ತದೆ. ಅದು ನಿಲ್ಲುವ ಜಾಗದಲ್ಲಿ ಗುರುತ್ವಕೇಂದ್ರ ಇರುತ್ತದೆ. ಚಾಕುವಿನ ಗುರುತ್ವಕೇಂದ್ರ ಸಾಮಾನ್ಯವಾಗಿ ಹಿಡಿಯ ಸಮೀಪದಲ್ಲಿರುತ್ತದೆ. ಅಲಗಿನ ತುದಿಯನ್ನಷ್ಟೇ ಪಟ್ಟಿಗೆ ತಾಗಿಸಿ ಚಾಕುವನ್ನು ಓರೆಯಾಗಿಟ್ಟರೆ ಹಿಡಿಯ ಭಾರಕ್ಕೆ ಅದು ತಿರುಗಿ ಬೀಳಬಹುದು. ಹಿಡಿ ಕೆಳಗೆ ಬರುವಂತೆ ನೆಟ್ಟಗೆ, ಅಲಗಿನ ಅಗಲವಾದ ಭಾಗ ಪಟ್ಟಿಗೆ ತಾಗುವಂತೆ ಇಡುವುದು ಕ್ಷೇಮ.

ದೊಡ್ಡವರು ಇಡುವ ಕ್ರಮ

1. ಚಾಕುವನ್ನು ತೊಳೆದು, ಒಣಬಟ್ಟೆಯಿಂದ ಒರೆಸಬೇಕು. ಒರೆಸುವಾಗ ಬಟ್ಟೆ ಅಲಗಿನ ಬೆನ್ನಿನ ಕಡೆಯಿಂದ ಇರಬೇಕು.
2. ಮೊದಲು ಅಲಗಿನ ಬೆನ್ನನ್ನು, ಅಂದರೆ ಹರಿತವಿಲ್ಲದ ದಪ್ಪ ಅಂಚನ್ನು, ಪಟ್ಟಿಗೆ ತಾಗಿಸಬೇಕು. ಆಮೇಲೆ ಮೆಲ್ಲನೆ ಹೊರಳಿಸಿ ಅಲಗನ್ನು ಮಲಗಿಸಬೇಕು. ನೇರವಾಗಿ ತಂದರೆ ಕಾಂತ ಪಟಕ್ಕನೆ ಸೆಳೆದು ಹರಿತವಾದ ಬಾಯಿ ಪಟ್ಟಿಗೆ ಬಡಿಯುತ್ತದೆ.
3. ತೆಗೆಯುವಾಗ ಇದರ ಹಿಮ್ಮೊಗ. ಬೆನ್ನು ಪಟ್ಟಿಯ ಮೇಲೆ ಇರುವಂತೆಯೇ ಹೊರಳಿಸಿ ಬಾಯಿಯನ್ನು ಮೊದಲು ಬಿಡಿಸಬೇಕು. ಸರ್ರನೆ ಎಳೆಯಬಾರದು.
4. ಎಲ್ಲ ಚಾಕುಗಳ ಹರಿತ ಒಂದೇ ಕಡೆಗೆ ಇರಬೇಕು. ಎರಡು ಚಾಕುಗಳ ನಡುವೆ ಕೈ ಹಿಡಿಸುವಷ್ಟು ಜಾಗವಿರಬೇಕು.
5. ಚಾಕು ಕೈಜಾರಿದರೆ ಹಿಡಿಯಲು ಹೋಗಬಾರದು. ಹಿಂದೆ ಸರಿದು ಬೀಳಲು ಬಿಡಬೇಕು. ಬೀಳುವ ಚಾಕುವಿಗೆ ಹಿಡಿ ಯಾವುದು, ಬಾಯಿ ಯಾವುದು ಎಂದು ನೋಡಲು ಸಮಯವಿರುವುದಿಲ್ಲ.

ಎಲ್ಲಿ ಇರಬೇಕು, ಎಲ್ಲಿ ಇರಬಾರದು?

ಪಟ್ಟಿ ಮಕ್ಕಳ ಕೈಗೆ ಎಟುಕದ ಎತ್ತರದಲ್ಲಿ, ಆದರೆ ಅಡುಗೆ ಮಾಡುವವರ ಕಣ್ಣಿಗೆ ಕಾಣುವಂತೆ ಇರಬೇಕು. ಬಾಗಿಲ ಹಿಂದೆ ಬೇಡ. ಬಾಗಿಲು ಬಡಿದರೆ ಚಾಕು ಕದಲುತ್ತದೆ. ಜನ ಓಡಾಡುವ ದಾರಿಯಲ್ಲಿ ಬೇಡ, ತೋಳು ತಾಗುತ್ತದೆ. ಒಲೆಯ ಮೇಲ್ಭಾಗದಲ್ಲಂತೂ ಬೇಡವೇ ಬೇಡ. ಅಲ್ಲಿ ಒಗ್ಗರಣೆಯ ಜಿಡ್ಡು ಏರುತ್ತದೆ, ಬಿಸಿಯೂ ತಗಲುತ್ತದೆ. ಸಾಮಾನ್ಯ ದರ್ಜೆಯ ನಿಯೋಡಿಮಿಯಂ ಕಾಂತಗಳು ಸುಮಾರು 80 ಡಿಗ್ರಿ ಸೆಲ್ಸಿಯಸ್ ಮೀರಿ ಬಿಸಿಯಾದರೆ ಬಲ ಕಳೆದುಕೊಳ್ಳಲು ತೊಡಗುತ್ತವೆ. ಗೋಡೆಯೂ ಗಟ್ಟಿಯಾಗಿರಬೇಕು. ಮಣ್ಣು ಉದುರುವ ಗೋಡೆಯಲ್ಲಿ ಸ್ಕ್ರೂ ನಿಲ್ಲುವುದಿಲ್ಲ. ಪಟ್ಟಿ ಎಷ್ಟೇ ಬಲವಾಗಿದ್ದರೂ ಗೋಡೆಯ ಸ್ಕ್ರೂ ಕಿತ್ತುಬಂದರೆ ಎಲ್ಲ ಚಾಕುಗಳೂ ಒಟ್ಟಿಗೆ ಬೀಳುತ್ತವೆ.

ಎಲ್ಲ ಮನೆಗೂ ಕಾಂತಪಟ್ಟಿಯೇ ಬೇಕೆಂದಿಲ್ಲ. ಗೋಡೆ ಗಟ್ಟಿಯಿಲ್ಲದ ಕಡೆ, ಏಣಿಯಂತೆ ಹತ್ತಲು ಕಟ್ಟೆ ಇರುವ ಕಡೆ, ಮೇಲಿನ ಗೂಡಿನಲ್ಲಿ ಮುಚ್ಚಳವಿರುವ ಡಬ್ಬಿಯೇ ಒಳ್ಳೆಯದು. ದಪ್ಪ ರಟ್ಟನ್ನು ಮಡಿಚಿ ಅಲಗಿಗೆ ಒಂದು ಒರೆ ಮಾಡಿದರೂ ಸಾಕು. ಆದರೆ ಒದ್ದೆ ಚಾಕುವನ್ನು ಒರೆಯೊಳಗೆ ಇಡಬಾರದು. ಗಾಳಿಯಾಡದೆ ತೇವ ಉಳಿದು ಕುಲುಮೆಯ ಕಬ್ಬಿಣದ ಚಾಕು ಬೇಗ ತುಕ್ಕು ಹಿಡಿಯುತ್ತದೆ. ಗಾಳಿಯಲ್ಲಿ ತೆರೆದಿರುವ ಪಟ್ಟಿಗೆ ಇಲ್ಲೊಂದು ಅನುಕೂಲವಿದೆ.

ಮಾಡಿ ನೋಡಿ

(ಚಾಕು ಬಳಸಬೇಡಿ. ಶಿಕ್ಷಕರ ಎದುರಿನಲ್ಲೇ ಮಾಡಿ.)

ಒಂದು: ಶಾಲೆಯ ವಿಜ್ಞಾನ ಪೆಟ್ಟಿಗೆಯಿಂದ ಒಂದು ದಂಡಕಾಂತ ತೆಗೆದುಕೊಳ್ಳಿ. ತಟ್ಟೆ, ಲೋಟ, ಚಮಚ, ಬೀಗದ ಕೈ, ಬಾಗಿಲ ಚಿಲಕ, ನಾಣ್ಯಗಳು, ಕಂಪಾಸ್ ಪೆಟ್ಟಿಗೆ ಇವುಗಳಿಗೆ ಹಿಡಿದು ನೋಡಿ. ಅಂಟುತ್ತದೆ, ಸ್ವಲ್ಪ ಅಂಟುತ್ತದೆ, ಅಂಟುವುದಿಲ್ಲ ಎಂದು ಮೂರು ಕಾಲಮ್ಮುಗಳಲ್ಲಿ ಬರೆಯಿರಿ. ಹಿಡಿಯುವ ಮೊದಲೇ ನಿಮ್ಮ ಊಹೆಯನ್ನೂ ಬರೆದಿಡಿ.

ಎರಡು: ಕಾಂತದ ಒಂದು ತುದಿ ಎಷ್ಟು ಗುಂಡುಸೂಜಿಗಳನ್ನು ಎತ್ತುತ್ತದೆ ಎಂದು ಎಣಿಸಿ. ಆಮೇಲೆ ಅದೇ ತುದಿಗೆ ಕಾಗದದ 2, 4, 8, 16 ಪದರ ಸುತ್ತುತ್ತಾ ಪ್ರತಿ ಸಲವೂ ಎಣಿಸಿ. ಸಂಖ್ಯೆ ಹೇಗೆ ಇಳಿಯುತ್ತದೆ?

ಮೂರು: ಒಂದು ಹೊಲಿಗೆ ಸೂಜಿಯನ್ನು ಕಾಂತದ ಒಂದೇ ಧ್ರುವದಿಂದ ಒಂದೇ ದಿಕ್ಕಿಗೆ 30 ಸಲ ಉಜ್ಜಿ. ಸೂಜಿ ಗುಂಡುಸೂಜಿಯನ್ನು ಸೆಳೆಯುತ್ತದೆಯೇ ನೋಡಿ. ಒಂದು ಕಬ್ಬಿಣದ ಮೊಳೆಗೂ ಹಾಗೆಯೇ ಮಾಡಿ. ಮರುದಿನ ಎರಡನ್ನೂ ಮತ್ತೆ ಪರೀಕ್ಷಿಸಿ. ಗಡಸು ಉಕ್ಕಿನ ಸೂಜಿ ಕಾಂತತ್ವವನ್ನು ಉಳಿಸಿಕೊಳ್ಳುತ್ತದೆ, ಮೆದು ಕಬ್ಬಿಣದ ಮೊಳೆ ಬೇಗ ಕಳೆದುಕೊಳ್ಳುತ್ತದೆ. ಬಹಳ ದಿನ ಪಟ್ಟಿಯ ಮೇಲಿದ್ದ ಚಾಕುವೂ ಸೂಜಿಯಂತೆ ತುಸು ಕಾಂತವಾಗುತ್ತದೆ. ಸಾಣೆ ಹಿಡಿದ ಮೇಲೆ ಉಕ್ಕಿನ ಪುಡಿ ಅಲಗಿಗೇ ಅಂಟಿಕೊಂಡಿರಬಹುದು. ಆದ್ದರಿಂದ ತೊಳೆದು ಒರೆಸಿಯೇ ತರಕಾರಿ ಹೆಚ್ಚಬೇಕು.

ಎಚ್ಚರಿಕೆ

ಸಣ್ಣ ಬಿಲ್ಲೆ ಕಾಂತಗಳನ್ನು ಎಂದಿಗೂ ಬಾಯಿಗೆ ಹಾಕಬೇಡಿ. ಎರಡು ಕಾಂತಗಳನ್ನು ನುಂಗಿದರೆ ಅವು ಹೊಟ್ಟೆಯೊಳಗೆ ಒಂದನ್ನೊಂದು ಸೆಳೆದು ನಡುವೆ ಸಿಕ್ಕ ಕರುಳನ್ನು ತೂತು ಮಾಡಬಲ್ಲವು. ಯಾರಾದರೂ ನುಂಗಿದ್ದರೆ ಬೈಗುಳಕ್ಕೆ ಹೆದರಿ ಮುಚ್ಚಿಡದೆ ತಕ್ಷಣ ಹಿರಿಯರಿಗೆ ಹೇಳಿ, ಆಸ್ಪತ್ರೆಗೆ ಹೋಗಬೇಕು. ಎದೆಯಲ್ಲಿ ಪೇಸ್‌ಮೇಕರ್ ಅಳವಡಿಸಿಕೊಂಡವರ ಹತ್ತಿರ ಪ್ರಬಲ ಕಾಂತಗಳನ್ನು ಒಯ್ಯಬೇಡಿ.

ಉತ್ತರಿಸಿ

1. ಕಾಂತವು ಚಾಕುವನ್ನು ಗೋಡೆಯ ಕಡೆಗೆ ಸೆಳೆಯುತ್ತದೆ. ಕೆಳಗೆ ಜಾರದಂತೆ ತಡೆಯುವ ಬಲ ಯಾವುದು?
2. ಒಂದು ಚಾಕುವಿನ ತೂಕ 150 ಗ್ರಾಂ. ಘರ್ಷಣೆ ಒತ್ತುವ ಬಲದ ಐದನೆಯ ಒಂದು ಪಾಲು. ಕಾಂತದ ಸೆಳೆತ ಕನಿಷ್ಠ ಎಷ್ಟು ಗ್ರಾಂ ತೂಕದಷ್ಟಿರಬೇಕು?
3. ತಾಮ್ರದ ಚೊಂಬು, ಅಲ್ಯೂಮಿನಿಯಂ ಪಾತ್ರೆ, ಕಬ್ಬಿಣದ ದೋಸೆಕಾವಲಿ ಇವುಗಳಲ್ಲಿ ಯಾವುದು ಕಾಂತಪಟ್ಟಿಗೆ ಅಂಟುತ್ತದೆ?
4. ಪಟ್ಟಿಯನ್ನು ಒಲೆಯ ಮೇಲೆ ಹಾಕಬಾರದು. ಎರಡು ಕಾರಣ ಕೊಡಿ.

(ಉತ್ತರ: 1. ಘರ್ಷಣೆ. 2. 750 ಗ್ರಾಂ. 3. ಕಬ್ಬಿಣದ ದೋಸೆಕಾವಲಿ. 4. ಜಿಡ್ಡಿನಿಂದ ಘರ್ಷಣೆ ಕಡಿಮೆಯಾಗುತ್ತದೆ. ಬಿಸಿಯಿಂದ ಕಾಂತದ ಬಲ ಕುಗ್ಗುತ್ತದೆ.)

ಶಿಕ್ಷಕರಿಗೆ

ಈ ಪಾಠದ ಕೊನೆಗೆ ಮಕ್ಕಳನ್ನು ಗುಂಪು ಮಾಡಿ, ಶಾಲೆಯ ಅಡುಗೆಕೋಣೆಯ ನಕ್ಷೆ ಬರೆಸಿ. ಒಲೆ, ನೀರು, ಬಾಗಿಲು, ಮಕ್ಕಳು ಸಾಲು ನಿಲ್ಲುವ ಜಾಗ ಇವನ್ನು ಗುರುತಿಸಲಿ. ಚಾಕು ಇಡಲು ತಕ್ಕ ಜಾಗ ಯಾವುದು, ಏಕೆ ಎಂದು ಪ್ರತಿ ಗುಂಪೂ ಕಾರಣ ಸಹಿತ ಹೇಳಲಿ. ಅಡುಗೆಯವರನ್ನೂ ಕರೆದು ಅವರ ಅನುಭವ ಕೇಳಿಸಿ. ದಿನವೂ ಮಣಗಟ್ಟಲೆ ತರಕಾರಿ ಹೆಚ್ಚಿದವರಿಗೆ ಗೊತ್ತಿರುವ ಸಂಗತಿಗಳು ಯಾವ ಪುಸ್ತಕದಲ್ಲೂ ಇರುವುದಿಲ್ಲ. ಕೊನೆಯ ತೀರ್ಮಾನ ಅವರದೇ ಆಗಲಿ. ನಾಳೆಯಿಂದ ಚಾಕು ಆ ಜಾಗದಲ್ಲೇ ಇದೆಯೇ ಎಂದು ದೂರದಿಂದಲೇ ನೋಡಿ ಹೇಳುವ ಕೆಲಸ ಮಕ್ಕಳದಾಗಲಿ.